ಕೆಟ್ಟ ಜಾಗಾದಾಗ ನಿಲ್ಲಿಸಬಾರದು

ಆಗಸ್ಟ್ 5, ಸೋಮವಾರ

ಈ ನೋಟ್‌ಬುಕ್ ಕೊಟ್ಟಿದ್ದು ಕಣ್ಣಿನ ಹನಿ ಹಾಕಿದ ಹೊತ್ತು ಬರೆದಿಡಾಕ. ಮುಂದಿನ ಹಾಳಿಗಳೊಳಗ ಅದನ್ನ ಬರೀತೀನಿ. ಹಿಂದಿನ ಹಾಳಿಗೆ ಯಾರೂ ಬರೂದಿಲ್ಲ, ಅಲ್ಲಿ ಇದು. ನಮ್ಮ ಮನಿಯವರು ಶಂಶಾಬಾದ್ ಸೈಟಿಗೆ ಸೆಂಟ್ರಿಂಗ್ ಕೆಲಸಕ್ಕ ಹೋಗ್ಯಾರ, ಫೋನಿನ್ಯಾಗ ಹೇಳಿಕೊಂಡ್ರ "ನಿಂದು ದಿನಾ ಇದ ಆತು" ಅಂತಾರ. ವಹಿಯಾದ್ರ ಹಂಗ ಅನ್ನೂದಿಲ್ಲ.

ನಾ ಕೆಲಸಕ್ಕ ಬಂದದ್ದು ಹೈದರಾಬಾದಿನ ಮಣಿಕೊಂಡದೊಳಗ, ನಾಕನೇ ಅಂತಸ್ತಿನ ಮನಿ. ಇಳಕಲ್ಲಿನ ಮಂದಿ. ಸುಲ್ತಾನ್ ಬಜಾರಿನ್ಯಾಗ ಇಳಕಲ್ ಸೀರಿ, ಖಣದ ಅಂಗಡಿ ಐತಿ. ಇವತ್ತಿಗೆ ಶ್ರಾವಣ ಹತ್ತಿತು, ಗಂಡ ಹೆಂಡತಿ ಇಬ್ಬರೂ ಅಂಗಡ್ಯಾಗ ಇರಲೇಬೇಕು. ಅದಕ್ಕ ಹಗಲಹೊತ್ತು ಮಗಳನ್ನ ನೋಡಿಕೊಳ್ಳಾಕ ನಾನು.

ಮಗಳು ಶೈಲಾ. ಇಪ್ಪತ್ತೈದು ವರ್ಷ, ಆಫೀಸಿನ ಕೆಲಸ. ಎಡಗಣ್ಣು ಹುಟ್ಟಿದಾಗಿಂದ ಮಂದ, ಬರೇ ಆಕಾರ ಕಾಣತೈತಿ. ಬಲಗಣ್ಣು ಚಲೋ ಇತ್ತು, ಅದರ ಒಳಗಿನ ಪರದಿ ಹೋದ ವಾರ ಕಿತ್ತು ಬಂತಂತ. ಶನಿವಾರ ಆಪರೇಷನ್ ಮಾಡಿ ಒಳಗ ಗಾಳಿ ತುಂಬ್ಯಾರ. ಗಾಳಿ ಮ್ಯಾಲಕ್ಕ ಏರೂ ಪದಾರ್ಥ. ಅದು ಪರದಿನ ಹಿಂದಕ್ಕ ಒತ್ತಿ ಹಿಡೀಬೇಕಂದ್ರ ಆಕಿ ಹದಿನಾಲ್ಕು ದಿನ ಬೋರಲಾಗೇ ಇರಬೇಕು. ಉಣ್ಣೂದು, ಮಲಗೂದು, ಬಚ್ಚಲಿಗೆ ಹೋಗೂದು, ಎಲ್ಲಾ ಮುಖ ನೆಲಕ್ಕ ಮಾಡಿ. ತಲಿ ಎತ್ತಿದ್ರ ಗಾಳಿ ಸರೀತೈತಿ. ಪರದಿ ಬಿಟ್ರ ಇರೂ ಒಂದು ಕಣ್ಣೂ ಹೋತು.

"ಅಷ್ಟ ನೋಡು ಗುರುದೇವಿ, ತಲಿ ಎತ್ತಗೊಡಬ್ಯಾಡ," ಅಂದ್ರು ಆಕಿ ಅವ್ವ ಪಾರ್ವತಿಬಾಯಾರು ಚಪ್ಪಲಿ ಮೆಟ್ಟಿಕೊಂತ.

ಅಷ್ಟ ಅಂತ. ಸೀನು ಬಂದ್ರ? ನಿದ್ದ್ಯಾಗ ಹೊಳ್ಳಿದ್ರ? ನಾ ಬಚ್ಚಲದಾಗ ಇದ್ದಾಗ ಬಾಗಲಾ ಬಡಿದು ಆಕಿ ಯಾರಂತ ನೋಡಿದ್ರ? ಮಧ್ಯಾಹ್ನ ತನಾ ನೀರು ಸುದ್ದಾ ಕುಡಿಲಿಲ್ಲ ನಾನು, ಬಚ್ಚಲಿಗೆ ಹೋಗೂದು ಬರ್ತೈತಿ ಅಂತ.

ಮಂಚದ ತುದಿಗೆ ನಡುವ ತೂತಿರೋ ದಿಂಬು, ಆ ತೂತಿನೊಳಗ ಆಕಿ ಮುಖ. ನಾ ನೋಡಿದ್ದು ಬರೇ ಜಡಿ.

ಆಗಸ್ಟ್ 6, ಮಂಗಳವಾರ

ಆಕಿಗೆ ಅರ್ಧ ತಾಸಿಗಿಂತ ಹೆಚ್ಚು ತಡ್ಯಾಕ ಆಗವಲ್ದು. ಕಾಲು ಒದರತಾಳ, ಕುತ್ತಿಗಿ ಹೊರಳಸ್ತಾಳ. ಪ್ರತಿ ಸಲಾನೂ ನಾ ಎದ್ದು ಹೋಗಿ ತಲಿ ಹಿಡೀತೀನಿ. ಹನ್ನೊಂದಕ್ಕ ಕೇಳಿದ್ಲು, "ಗುರುದೇವಕ್ಕ, ನಿಮಗ ಕನ್ನಡ ಓದಾಕ ಬರತೈತೇನ್ರಿ?"

ಆರನೆತ್ತಿ ತನಾ ಅಂದೆ. ಆರನೆತ್ತಿನೂ ಪೂರಾ ಅಲ್ಲ, ದೀಪಾವಳಿ ತನಾ. ಅದನ್ನ ಹೇಳಲಿಲ್ಲ.

"ಕಪಾಟಿನ್ಯಾಗ ಒಂದು ದಪ್ಪ ಪುಸ್ತಕ ಐತಿ, ನೀಲಿ ರಟ್ಟಿಂದು. ತೊಗೊಂಡು ಬರ್ರಿ."

ಫೋನಿನ್ಯಾಗ ಕತಿ ಕೇಳ್ತಾರಲ್ಲ ಅಂದೆ. ಇದು ಫೋನಿನ್ಯಾಗ ಇಲ್ಲಂತ. ಪುಸ್ತಕ ನೋಡಿದ್ರ ಇಟ್ಟಂಗಿಯಷ್ಟು ಐತಿ. ಅದು ಎರಡನೇ ಭಾಗ. ಮೊದಲನೇದು ಆಕಿ ಮೂರು ಸಲ ಓದ್ಯಾಳ. ಇದು ಕೊರಿಯರಿನ್ಯಾಗ ಬಂದ ಮರುದಿನಾನ ಕಣ್ಣಿಗೆ ಹಿಂಗಾತು.

ಮೊದಲು ಹಿಂದಿನ ಕತಿ ಹೇಳಿದ್ಲು, ನೆಲಕ್ಕ ಮುಖಾ ಮಾಡಿ, ನೆಲಕ್ಕ ಹೇಳಿದಂಗ. "ಒಂದು ಶಹರ ಐತ್ರಿ. ನಮ್ಮ ಹೈದರಾಬಾದಿನಂಗ. ಫ್ಲೈಓವರ್, ಮೆಟ್ರೋ, ಸಿಗ್ನಲ್ ಎಲ್ಲಾ. ಅದರ ಕೆಳಗ ಇನ್ನೊಂದು ಶಹರ. ನಡುವ ಏಳು ಬಾಗಲಾ. ಹಳೇ ಬಿಲ್ಡಿಂಗಿನ ಲಿಫ್ಟಿನ್ಯಾಗ ಒಂದು, ಬಂದ್ ಆದ ಟಾಕೀಜಿನ್ಯಾಗ ಒಂದು, ಹಂಗ. ಒಂದೊಂದು ಬಾಗಲಾ ದಾಟಾಕ ಒಂದೊಂದು ಸುಂಕ."

"ಟೋಲ್‌ಗೇಟ್ ಇದ್ದಂಗ?"

"ಹೂಂ, ಆದ್ರ ರೊಕ್ಕ ನಡಿಯೂದಿಲ್ಲ. ಒಂದಕ್ಕ ನೆನಪು ಕೊಡಬೇಕು, ಒಂದಕ್ಕ ನೆರಳು, ಒಂದಕ್ಕ ನಿದ್ದಿ. ಕೊಟ್ಟದ್ದು ಮತ್ತ ತಿರುಗಿ ಬರೂದಿಲ್ಲ. ಇದೊಂದು ನೆನಪಿಡ್ರಿ. ಉಳಿದದ್ದು ಮರೆತ್ರ ನಾ ಹೇಳ್ತೀನಿ."

ಮ್ಯಾಲಿನ ಶಹರದಾಗ ಲಹರಿ ಅಂತ ಹುಡುಗಿ, ಬೀದಿದೀಪ ರಿಪೇರಿ ಮಾಡಾಕಿ. ಕೆಳಗಿನ ಶಹರದಾಗ ವಿಶ್ವಜಿತ್, ಬಾಗಲಾ ಕಾಯೋರ ಮಗ. ಇಬ್ಬರಿಗೂ ಮನಸು. ಅಂಥಾ ಪುಸ್ತಕ ಅದು. ಬಾಯಾರಿಗೆ ಗೊತ್ತೈತೋ ಇಲ್ಲೋ.

ಬಟ್ಟು ಇಟ್ಟು ಓದಿದೆ. ಒತ್ತಕ್ಷರ ಬಂದಲ್ಲೆಲ್ಲಾ ಎಡವಿದೆ, ಮೈಯೆಲ್ಲಾ ಬೆವರು. ಆಕಿ ನಗಲಿಲ್ಲ. ಒಂದು ತಾಸು ಮಿಸುಕಾಡಲಿಲ್ಲ.

ಆಗಸ್ಟ್ 7, ಬುಧವಾರ

ಇದು ತಿಳಿಯದ ಮಾಡಿದ ಕೆಲಸ ಅಲ್ಲ, ತಿಳಿದ ಮಾಡಿದ್ದು. ಬರೆದಿಡ್ತೀನಿ.

ನಮ್ಮ ಊರಾಗ, ಲಿಂಗಸುಗೂರು ಕಡೆ, ಶ್ರಾವಣದಾಗ ಮಠದೊಳಗ ಪುರಾಣ ಓದಿಸ್ತಾರ. ಓದವರು ಎಲ್ಲಿ ಬೇಕಂದ್ರ ಅಲ್ಲಿ ನಿಲ್ಲಸಂಗಿಲ್ಲ. ಸಾವು, ಶಾಪ, ಯಾರರ ಅಡವಿಪಾಲು ಆಗೂದು, ಅಂಥಲ್ಲಿ ಪುಸ್ತಕ ಮುಚ್ಚಿದ್ರ ಕೇಳಿದವರ ಮನಿಗೆ ಆ ಕೇಡು ಬರತೈತಿ. ಎಷ್ಟು ಹೊತ್ತಾದ್ರೂ ಚಲೋ ಜಾಗಾಕ್ಕ ಬಂದು ಮಂಗಳ ಮಾಡೇ ಏಳಬೇಕು. ನಮ್ಮಜ್ಜಿ ಶರಣಬಸಮ್ಮ ಇದನ್ನ ಭಾಳ ಹೇಳಾಕಿ. ಒಂದು ವರ್ಷ ಮಳಿ ಬಂತಂತ ರಾಜನ ಮಗ ಸತ್ತಲ್ಲೇ ನಿಲ್ಲಿಸಿದ್ರು, ಎಂಟು ದಿನದಾಗ ನಮ್ಮ ಮಾವನ ಎತ್ತು ಹೋತು. ನಾ ಕಣ್ಣಾರೆ ಕಂಡೀನಿ.

ಈ ಪುಸ್ತಕದಾಗ ನೋಡಿದ್ರ ಪ್ರತಿ ಅಧ್ಯಾಯ ಕೆಟ್ಟ ಜಾಗಾದಾಗೇ ಮುಗೀತೈತಿ. ಬೇಕಂತ ಹಂಗ ಬರೆದಂಗ ಐತಿ. ಇವತ್ತಿಂದು ಲಹರಿ ಲಿಫ್ಟಿನ ಗುಂಡಿಯೊಳಗ ಜೋಲಿ ಹೊಡೆದಲ್ಲಿ ಮುಗೀತು. ಆಕಿಗೆ ಹನಿ ಹಾಕೂ ಹೊತ್ತು, ಮುಂದ ಓದಾಕ ಆಗೂದಿಲ್ಲ. ಹಂಗ ಮುಚ್ಚಿ ಕಣ್ಣಿಗೆ ಹನಿ ಹಾಕೂದ?

ಅದಕ್ಕ ನಾನ ಸೇರಿಸಿದೆ. "ಅಷ್ಟರಾಗ ಯಾರೋ ಕೈ ಹಿಡಿದು ಎತ್ತಿದ್ರು. ಲಹರಿ ಮನಿಗೆ ಬಂದ್ಲು. ಎಲ್ಲಾರೂ ಕೂಡಿ ಉಂಡ್ರು."

ಶೈಲವ್ವ "ಹೌದಾ?" ಅಂದ್ಲು, ಅಷ್ಟ.

ಆಗಸ್ಟ್ 9, ಶುಕ್ರವಾರ. ಪಂಚಮಿ

ಉಂಡಿ ಮುರಿದು ತುಣುಕು ಮಾಡಿ ದಿಂಬಿನ ಕೆಳಗಿಂದ ಬಾಯಿಗೆ ಕೊಟ್ಟೆ. ಮಜ್ಜಿಗಿ ಸ್ಟ್ರಾದಾಗ.

ಇವತ್ತು ಅವರಿಬ್ಬರೂ ಕೆಟ್ಟು ನಿಂತ ಲಿಫ್ಟಿನ್ಯಾಗ ಸಿಕ್ಕೊಂಡ್ರು. ಕತ್ತಲಿ. ಆಮ್ಯಾಲ ಒಂದೂವರಿ ಹಾಳಿ ಐತಿ, ಅದನ್ನ ನಾ ಹೆಂಗ ಓದಲಿ. "ಆಮ್ಯಾಲ ಅವರು ಹಂಗ ಮಾತಾಡಿಕೊಂತ ಕುಂತ್ರು," ಅಂದೆ.

"ಒಂದೂವರಿ ಹಾಳಿ ಮಾತಾಡಿದ್ರಾ?"

"ಹಾಳಿ ತಿರುವಿದ್ದು ಹೆಂಗ ಗೊತ್ತಾತ್ರಿ ನಿಮಗ?"

"ಸಪ್ಪಳ ಕೇಳಸ್ತೈತಿ. ನಾಚಬ್ಯಾಡ್ರಿ ಅಕ್ಕಾ, ನಿಮ್ಮ ಮಾರಿ ನನಗ ಕಾಣೂದಿಲ್ಲ, ನನ್ನ ಮಾರಿ ನಿಮಗ ಕಾಣೂದಿಲ್ಲ. ಇದಕ್ಕಿಂತ ಚಲೋ ಅವಕಾಶ ಸಿಗೂದಿಲ್ಲ."

ಓದಿದೆ. ನೆಲ ನೋಡಿಕೊಂತ ಓದಿದೆ. ಅವರು ಹಿಂಗೆಲ್ಲಾ ಬರೀತಾರ ಅಂತ ಗೊತ್ತಿರಲಿಲ್ಲ. ವಿಶ್ವಜಿತ್ ಆಕಿ ಕೈಯಾಗಿನ ವೈರಿನ ಗಾಯ ಮುಟ್ಟಿ ಕೇಳ್ತಾನ, ಇದು ಯಾವ ದೀಪದ್ದು, ಇದು ಯಾವ ಬೀದೀದು ಅಂತ. ನನ್ನ ಕೈಯಾಗೂ ರೊಟ್ಟಿ ಹಂಚಿನ ಕಲಿ ಅದಾವ. ಯಾರು ಕೇಳಬೇಕು.

ಅಧ್ಯಾಯದ ಕೊನಿಗೆ ಲಿಫ್ಟಿನ ಹಗ್ಗ ಹರೀತು. ನಾ ಹಗ್ಗ ಕಟ್ಟಿಸಿ, ಇಬ್ಬರನ್ನೂ ಇಳಿಸಿ, ಉಣಿಸಿದೆ.

"ಒಂದು ಮಾತು ಹೇಳಲಿ?" ಅಂದ್ಲು. "ಮೊದಲನೇ ಭಾಗದಾಗ ಯಾರೂ ಒಂದು ತುತ್ತು ಉಂಡಿರಲಿಲ್ಲ. ಈ ಸಲ ಬರೆದವರಿಗೆ ಊಟದ ಮ್ಯಾಲೆ ಭಾಳ ಲಕ್ಷ್ಯ ಬಂದೈತಿ."

ನಕ್ಕಳು. ನಕ್ರ ಭುಜ ಅಲಗತೈತಿ, ತಲಿ ಅಲಗತೈತಿ. ನಗಬ್ಯಾಡ್ರಿ ಅಂತ ಬೆನ್ನಿನ ಮ್ಯಾಲೆ ಕೈ ಇಟ್ಟೆ. ನನಗೂ ನಗು ಬಂದಿತ್ತು. ಬಂದದ್ದಕ್ಕ ಅಂಜಿಕಿನೂ ಆತು.

ಆಗಸ್ಟ್ 11, ಭಾನುವಾರ

ನಿನ್ನೆ ದವಾಖಾನ್ಯಾಗ ನೋಡಿ ಎಲ್ಲಾ ಸರಿ ಐತಿ ಅಂದಾರ. ಮುಂದಿನ ಶನಿವಾರ ಮತ್ತ ಬರ್ರಿ ಅಂದಾರ.

ಇವತ್ತು ಬಾಯಾರು ಮಧ್ಯಾಹ್ನಾನ ಬಂದ್ರು. ಬಂದು ಮಗಳ ಕಾಲ್ದೆಸಿಗೆ ಕುಂತು, "ಈಗ ಬೆಳಕು ಹೆಚ್ಚಿಗೆ ಕಾಣಾಕತ್ತೈತಲ್ಲ?" ಅಂದ್ರು. "ಹೂಂ." "ನೋವು ಇಲ್ಲಲ್ಲ?" "ಇಲ್ಲ." "ನಾ ಹೇಳಿರಲಿಲ್ಲೇನು, ಎಲ್ಲಾ ಚಲೋ ಆಗತೈತಿ." ದಿನಾ ಸಂಜಿಕ ಇದೇ ಮಾತು, ಇದೇ ಜವಾಬು, ಆರತಿ ಪದ ಹಾಡಿದಂಗ.

ಅಡಗಿಮನ್ಯಾಗ ನನಗ ಹೇಳಿದ್ರು, "ಆಕಿ ಮುಂದ ಕೆಟ್ಟದ್ದು ಒಂದು ಮಾತು ಬರಬಾರದು. ಏನು ಓದ್ತೀಯೋ ಓದು, ಚಲೋದ ಓದು. ಮನಸು ಖುಷಿ ಇದ್ರ ಕಣ್ಣು ಹತ್ತತೈತಿ."

ನನ್ನ ಮಾತ ಅವರ ಬಾಯಾಗ ಬಂದಂಗಾತು. ಹಂಗಾರ ನಾ ಮಾಡಿದ್ದು ತಪ್ಪಲ್ಲ.

ಆಗಸ್ಟ್ 12, ಸೋಮವಾರ

ಇವತ್ತು ಅನ್ನ ಹೋಗಲಿಲ್ಲ.

ಏಳನೇ ಬಾಗಲಾ ಬಂತು. ಲಹರಿ ಕೆಳಗಿನ ಶಹರದಾಗ ಸಿಕ್ಕೊಂಡಾಳ, ಆಕಿ ಮ್ಯಾಲೆ ಹೋಗಬೇಕಂದ್ರ ಯಾರರ ಏಳನೇ ಬಾಗಲಾದ ಸುಂಕ ಕಟ್ಟಬೇಕು, ಕಟ್ಟಾಕ ವಿಶ್ವಜಿತ್ ಹೊಂಟಾನ. ನಾ ಜೋರಾಗಿ ಓದಾಕತ್ತಿದ್ದೆ. ಒಂದು ಸಾಲು ಮುಂದಿನದು ಕಣ್ಣಿಗೆ ಬಿತ್ತು.

ಕಾವಲಿನ ಮುದುಕಿ ಎಂದಳು, "ಏಳನೆಯ ಬಾಗಿಲಿಗೆ ಬೆಳಕಿನ ಸುಂಕ. ನಿನ್ನ ಎರಡೂ ಕಣ್ಣು."

ಮುದುಕಿ ಎಂದಳು ಅನ್ನೂದರ ತನಾ ಓದಿಬಿಟ್ಟಿದ್ದೆ. ನಿಂತೆ.

"ಏನಂದ್ಲು ಮುದುಕಿ?"

ಕಣ್ಣಿಗೆ ಬಟ್ಟಲದಂಥಾ ಮುಚ್ಚಳ ಕಟ್ಟಿಕೊಂಡು ಬೋರಲ ಬಿದ್ದ ಹುಡುಗಿ ಮುಂದ ಆ ಮಾತು ನನ್ನ ಬಾಯಿಂದ ಹೆಂಗ ಬರಬೇಕು. "ಕಿವಿ," ಅಂದೆ. "ಏಳನೇ ಬಾಗಲಾಕ್ಕ ಸಪ್ಪಳದ ಸುಂಕ. ಎರಡೂ ಕಿವಿ."

"ಕೊಟ್ನಾ?" ಅಂದ್ಲು ಶೈಲವ್ವ.

"ಕೊಟ್ಟ."

ತೂತಿನ ಕೆಳಗ ನೆಲದ ಮ್ಯಾಲೆ ಎರಡು ಹನಿ ಬಿದ್ವು. ನಾ ಕಣ್ಣಿನ ಔಷಧ ಸೋರಿತೇನೋ ಅಂತ ಹೌಹಾರಿದೆ. ಔಷಧ ಅಲ್ಲ. ಇಲ್ಲದ ಮನಷ್ಯಾನ ಇಲ್ಲದ ಕಿವಿಗೆ ಅತ್ಲು ಹುಡುಗಿ. ಅಳೂದೂ ಕಣ್ಣಿಗೆ ಚಲೋ ಅಲ್ಲ ಅಂತ ಗೊತ್ತಿರಲಿಲ್ಲೇನು ನನಗ?

ಆಗಸ್ಟ್ 13, ಮಂಗಳವಾರ

ಒಂದು ಸುಳ್ಳು ಹೇಳಿದ್ರ ನೂರು ಹಾಳಿ ತಿದ್ದಬೇಕು ಅಂತ ಯಾರಿಗೆ ಗೊತ್ತಿತ್ತು. ಕಣ್ಣು ಹೋದ ಮ್ಯಾಲೆ ವಿಶ್ವಜಿತ್ ಮುಂದಿನ ಹಾಳಿಗಳೊಳಗ ಬರೇ ಕೇಳೂದ ಮಾಡ್ತಾನ. ನೀರಿನ ಸಪ್ಪಳ ಕೇಳಿ ಹಾದಿ ಹಿಡೀತಾನ, ಗೋಡಿ ತಡವರಿಸ್ತಾನ. ನಾ ಅದನ್ನೆಲ್ಲಾ ನೋಡಿದ ಅಂತ ಮಾಡಬೇಕು. ಕೇಳಿದ ಅಂದಲ್ಲಿ ಕಂಡ, ತಡವಿದ ಅಂದಲ್ಲಿ ದಿಟ್ಟಿಸಿದ. ಓದಿಕೊಂತ ತಿದ್ದೂದು ಆರನೆತ್ತಿ ಓದಿದಾಕಿ ಕೆಲಸ ಅಲ್ಲ.

ಅದಕ್ಕ ಅಡಗಿಮನ್ಯಾಗ ಮೊದಲ ಓದಿಕೊಂಡು ಹೋದೆ. ರೊಟ್ಟಿ ಹತ್ತಿತು. ಹೊಗಿ ವಾಸನಿ ಅಲ್ಲಿತನಾ ಹೋತು.

"ಅಕ್ಕಾ, ಏನು ಮಾಡಾಕತ್ತೀರಿ ಅಲ್ಲಿ?"

"ರೊಟ್ಟಿ."

"ರೊಟ್ಟಿಗೆ ಹಾಳಿ ತಿರುವತಾರೇನು?"

ನಾಕು ಹಾಳಿ ಅಂತ ಕುಂತಾಕಿ ಹನ್ನೆರಡು ಓದಿದೆ. ಹನಿ ಹಾಕೂದು ಐದು ನಿಮಿಷ ತಡ ಆತು. ಮುಂದಿನ ಹಾಳಿಯೊಳಗ ಸರಿಯಾದ ಹೊತ್ತ ಬರೆದೀನಿ. ಅದೂ ಸುಳ್ಳ.

ಆಗಸ್ಟ್ 15, ಗುರುವಾರ

ನಿನ್ನೆ ಬರೆಯಾಕ ಆಗಲಿಲ್ಲ. ದವಾಖಾನಿಯ ಬೆಂಚಿನ ಮ್ಯಾಲೆ ಕುಂತು ಬರೀತೀನಿ. ಕ್ರಮವಾಗಿ ಬರೀಬೇಕು, ಇಲ್ಲಾಂದ್ರ ತಲಿ ನಿಲ್ಲೂದಿಲ್ಲ.

ನಿನ್ನೆ ಹನ್ನೆರಡರ ಸುಮಾರು. ಕತಿಯೊಳಗ ವಿಶ್ವಜಿತ್ ಕೆಳಗ, ಲಹರಿ ಮ್ಯಾಲೆ, ನಡುವ ಮುಚ್ಚಿದ ಬಾಗಲಾ. ಆಕಿ ನಟ್ಟು ಬಿಚ್ಚೂ ಪಾನಾದಿಂದ ಪೈಪ್ ಬಡೀತಾಳ. ಅವ ಆ ಸಪ್ಪಳ ಕೇಳಿ ನಗತಾನ. ಈ ಜಾಗಾ ನಾ ಮೊದಲ ಓದಿಕೊಂಡಿರಲಿಲ್ಲ. ಮತ್ತ ಚಲೋ ಇತ್ತು, ಭಾಳ ಚಲೋ ಇತ್ತು, ಇದ್ದದ್ದು ಇದ್ದಂಗ ಓದಿಬಿಟ್ಟೆ.

"ಹೆಂಗ ಕೇಳಿದ?" ಅಂದ್ಲು ಶೈಲವ್ವ.

ನಾ ಹಾಳಿ ಹಿಂದಕ್ಕ ತಿರುವಿದೆ.

"ಕಿವಿ ಕೊಟ್ಟಾನ. ಕೊಟ್ಟದ್ದು ತಿರುಗಿ ಬರೂದಿಲ್ಲ. ಹೆಂಗ ಕೇಳಿದ?"

"ಅದು... ಒಂದು ಕಿವಿ ಸ್ವಲ್ಪ ಉಳಿದಿತ್ತಂತ."

"ಎಲ್ಲೈತಿ ಹಂಗ? ಮೂರು ದಿನದಿಂದ ನೋಡಾಕತ್ತೀನಿ, ಕಿವುಡ ಆದಾವ ಗೋಡಿ ಯಾಕ ಹಿಡೀತಾನ? ಕೊಡ್ರಿ ಪುಸ್ತಕ. ಕೊಡ್ರಿ ಇಲ್ಲಿ."

ಕೈ ಊರಿ ಎದ್ದೇಬಿಟ್ಲು. ತಲಿ ದಿಂಬಿನಿಂದ ಮ್ಯಾಲೆ ಬಂತು. ನಾ ಪುಸ್ತಕ ಬೀಸಾಕಿ ಎರಡೂ ಕೈಲೆ ಆಕಿ ಹಿಂದಲಿ ಹಿಡಿದು ಒತ್ತಿದೆ, ಹಿಟ್ಟು ನಾದಿದಂಗ ಒತ್ತಿದೆ. "ಎತ್ತಬ್ಯಾಡ. ನೀ ಎತ್ತಬ್ಯಾಡ ತಲಿ." ನೀ ಅಂದೀನಿ ಅನ್ನೂದು ಆಮ್ಯಾಲ ಗೊತ್ತಾತು.

ಹೇಳಿದೆ. ಎಲ್ಲಾ ಹೇಳಿದೆ. ಅವ ಕೊಟ್ಟದ್ದು ಕಣ್ಣು ಅಂತ. ಊಟ ಎಲ್ಲಾ ನಾ ಹಾಕಿದ್ದು ಅಂತ. ಕೆಟ್ಟ ಜಾಗಾದಾಗ ನಿಲ್ಲಿಸಬಾರದು ಅಂತ ನಮ್ಮಜ್ಜಿ ಹೇಳಿದ್ದು, ಎತ್ತು ಸತ್ತಿದ್ದು. ಬೈತಾಳ ಅನಕೊಂಡೆ.

"ಊಟ ನೀವ ಹಾಕಿದ್ದು ಅಂತ ಗೊತ್ತಿತ್ತು," ಅಂದ್ಲು. "ಬಡಸೂ ಧಾಟಿ ನಿಮ್ಮದ ಇತ್ತು. ಈಗ ಏಳನೇ ಬಾಗಲಾ ಓದ್ರಿ. ಬರೆದದ್ದು."

ಒಂದು ಕೈ ಆಕಿ ತಲಿ ಮ್ಯಾಲೆ ಇಟ್ಟ, ಒಂದು ಕೈಲೆ ಪುಸ್ತಕ ಹಿಡಿದು ಓದಿದೆ. ಅವನು ಅಳಲಿಲ್ಲ, ಗೋಡೆ ಯಾವ ಕಡೆಗಿದೆ ಎಂದಷ್ಟೇ ಕೇಳಿದ, ಅಂತ ಐತಿ ಅಲ್ಲಿ. ಅಧ್ಯಾಯ ಅಲ್ಲಿಗೇ ಮುಗೀತು. ಕೆಳಗಿನ ಅರ್ಧ ಹಾಳಿ ಬರೇ ಬಿಳಿ. ನಾನೂ ಏನೂ ಸೇರಿಸಲಿಲ್ಲ. ಹಂಗ ಮುಚ್ಚಿದೆ.

ಆಗ ಆಕಿ ಅಂದ್ಲು, "ನಾನೂ ಒಂದು ಹೇಳಬೇಕು. ಭಾನುವಾರದಿಂದ ಮೂಗಿನ ಕಡೆಗೆ ಒಂದು ಕರಿ ಅಂಚು ಕಾಣತೈತಿ. ಗಾಳಿಗುಳ್ಳಿ ಅಲಗಾಡತೈತಿ, ಇದು ಅಲಗಾಡೂದಿಲ್ಲ. ನಿನ್ನೆಗಿಂತ ಇವತ್ತು ಅಗಲ ಐತಿ."

"ಯಾಕ ಹೇಳಲಿಲ್ಲ?"

"ಅವ್ವ ದಿನಾ ಕೇಳಿದ ಕೂಡಲೇ ತಾನ ಜವಾಬು ಹೇಳ್ತಾಳ. ನೀವು ದಿನಾ ಎಲ್ಲಾರಿಗೂ ಉಣಿಸಿ ಮಲಗಿಸ್ತೀರಿ. ನಡುವ ನಾ ಎಲ್ಲಿ ಹೇಳಲಿ?"

ದವಾಖಾನಿಯವರು ಕೊಟ್ಟ ಚೀಟ್ಯಾಗ ಬರೆದಿತ್ತು, ಕರಿ ನೆರಳು ಕಂಡ್ರ ಅವತ್ತ ಬರಬೇಕು. ನಾ ಆ ಚೀಟಿ ದಿನಾ ಮೂರು ಸಲ ಓದೀನಿ. ನೆರಳು ಕಾಣತೈತೇನು ಅಂತ ಒಂದು ಸಲನೂ ಕೇಳಿಲ್ಲ. ಕೇಳಿದ್ರ ಬರತೈತಿ ಅಂತ ಅಂಜಿ.

ಬಾಯಾರಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಶುಕ್ರವಾರ ವರಮಹಾಲಕ್ಷ್ಮಿ, ಅಂಗಡ್ಯಾಗ ಮಂದಿ ಎಷ್ಟಿರಬೇಕು. ಎಜಮಾನರಿಗೆ ಹಚ್ಚಿದೆ, ಅವರೂ ಎತ್ತಲಿಲ್ಲ. ದವಾಖಾನಿ ನಂಬರಿಗೆ ಹಚ್ಚಿದ್ರ ಇಂಗ್ಲಿಷಿನ್ಯಾಗ ಒಂದು ಒತ್ತು ಎರಡು ಒತ್ತು ಅಂತೈತಿ. ಕೇಳದ ಹೆಂಗ ಕರ್ಕೊಂಡು ಹೋಗೂದು? ಹೋಗಿ ಏನೂ ಇರಲಿಲ್ಲ ಅಂದ್ರ? ಹಾದ್ಯಾಗ ಆಟೋ ಕುಣಿದು ಇರೂದೂ ಹೋದ್ರ? ಎರಡು ಸಲ ಬಾಗಲಾ ತನಾ ಹೋಗಿ ಬಂದೆ. ಮೂರನೇ ಸಲಕ್ಕ ಚಪ್ಪಲಿ ಮೆಟ್ಟಿದೆ.

ಆಟೋದಾಗ ಆಕಿನ್ನ ಅಡ್ಡ ಮಲಗಿಸಿ, ಮುಖ ನನ್ನ ತೊಡಿಮ್ಯಾಲೆ ಬೋರಲ. ಶೇಕ್‌ಪೇಟ್, ಟೋಲಿಚೌಕಿ, ಮೆಹದಿಪಟ್ನಂ. ಪ್ರತಿ ಸ್ಪೀಡ್‌ಬ್ರೇಕರಿಗೂ "ಭಯ್ಯಾ ಆಹಿಸ್ತಾ" ಅಂದೆ. ಆಟೋದಾಂವ ಕನ್ನಡ್ಯಾಗ ನೋಡಿ, "ಎಗ್ ಟ್ರೇ ರಖ್ಖಾ ಸಮಝ್‌ಕೆ ಚಲಾರೌಂ ಅಮ್ಮಾ, ಫಿಕರ್ ನಕೊ ಕರೋ," ಅಂದ, ತತ್ತಿ ಹೇರಿದಂಗ ಹೊಡ್ಯಾಕತ್ತೀನಿ, ಚಿಂತಿ ಬ್ಯಾಡ ಅಂತ. ತೊಡಿಮ್ಯಾಗಿಂದ ಶೈಲವ್ವ, "ನಾ ತತ್ತಿಯಂತ," ಅಂದ್ಲು.

ದವಾಖಾನಿ ಕಿಟಕ್ಯಾಗ ಅಪಾಯಿಂಟ್‌ಮೆಂಟ್ ಶನಿವಾರ ಐತಿ, ಶನಿವಾರ ಬರ್ರಿ ಅಂದ್ರು. ನಾ ಸರೀಲಿಲ್ಲ. ನನಗ ಬರೋ ತೆಲುಗಿನ್ಯಾಗ ಹೇಳಿದೆ, ನಲ್ಲಗಾ ಕನಿಪಿಸ್ತೋಂದಿ, ಕರ್ರಗ ಕಾಣತೈತಿ, ಭಾನುವಾರದಿಂದ, ದಿನಾ ಬೆಳಿಯಾಕತ್ತೈತಿ. ಹಿಂದಿನ ಮಂದಿ ಗೊಣಗಿದ್ರು. ಮತ್ತ ಅದನ್ನ ಹೇಳಿದೆ. ನೀನು ಪೇಷಂಟಿಗೆ ಏನಾಗಬೇಕು ಅಂತ ಕೇಳಿದ್ರು. ಪುಸ್ತಕ ಓದಾಕಿ ಅಂದೆ. ಅವರಿಗೆ ಏನು ತಿಳೀತೋ, ಒಳಗ ಬಿಟ್ರು.

ಡಾಕ್ಟರು ಹೆಣ್ಣುಮಗಳು. ನೋಡಿ, ಒಂದು ಮಗ್ಗಲಿಗೆ ಪರದಿ ಮತ್ತ ಬಿಟ್ಟೈತಿ, ನಡುವಿಂದು ಇನ್ನೂ ಹಿಡಿದೈತಿ ಅಂದ್ರು. ಓದೂದು, ಮುಖ ಗುರುತು ಹಿಡಿಯೂದು ಎಲ್ಲಾ ಆ ನಡುವಿಂದರ ಕೆಲಸ ಅಂತ. ಶನಿವಾರದ ತನಾ ಬಿಟ್ಟಿದ್ರ ಅದೂ ಹೋಗತಿತ್ತು. ಕಾಗದಕ್ಕ ಶೈಲವ್ವನ ಸಹಿ ಮಾಡಿದ್ಲು, ಮುಖ ಕೆಳಗ ಮಾಡಿ, ನಾ ಬಟ್ಟು ಹಿಡಿದು ಜಾಗಾ ತೋರಿಸಿದೆ.

ಇವತ್ತು ಮುಂಜಾನೆ ಮತ್ತ ಆಪರೇಷನ್ ಆತು. ಈ ಸಲ ಗಾಳಿ ಅಲ್ಲ, ಎಣ್ಣಿ ತುಂಬ್ಯಾರಂತ. ಹದಿಮೂರು ದಿನ ಮತ್ತ ಬೋರಲ.

ಆಗಸ್ಟ್ 17, ಶನಿವಾರ

ಬುಧವಾರ ರಾತ್ರಿ ದವಾಖಾನಿಗೆ ಬಂದಾಗಿಂದ ಬಾಯಾರು ನನ್ನ ಕೂಡ ಮಾತಾಡಿರಲಿಲ್ಲ. ಇವತ್ತು ಮಾತಾಡಿದ್ರು.

"ಕಣ್ಣು ಹೋದ ಕತಿ ಓದಿದ್ಯಂತ. ಬುಧವಾರ."

"ಹೌದ್ರಿ."

"ಬುಧವಾರನ ಆಕಿ ಪರದಿ ಬಿಟ್ತು. ನಾ ಅಡಗಿಮನ್ಯಾಗ ನಿಂದರಿಸಿ ಹೇಳಿರಲಿಲ್ಲೇನು ನಿನಗ? ನೀ ನಾಳಿಂದ ಬರಬ್ಯಾಡ."

ಹೋದ ವಾರ ಆಗಿದ್ರ ಕಾಲು ಹಿಡೀತಿದ್ದೆ, ಹೌದು ನನ್ನ ಬಾಯಿಂದನ ಆತು ಅಂತ. ಬಾಯಿತನಾ ಬಂದಿತ್ತು ಆ ಮಾತು. ಆದ್ರ ಲೆಕ್ಕ ಹಂಗ ಬರವಲ್ದು.

"ಕರಿ ಅಂಚು ಬಂದಿದ್ದು ಭಾನುವಾರರಿ. ಭಾನುವಾರ ನಾ ಎಲ್ಲಾರನ್ನೂ ಬದುಕಿಸಿ, ಉಣಿಸಿ, ದೀಪಾ ಹಚ್ಚಿ ನಿ‌ಲ್ಲಿಸಿದ್ದೆ. ನೀವು ಎಲ್ಲಾ ಚಲೋ ಐತಿ ಅಂದ್ರಿ. ನಾವಿಬ್ಬರೂ ಅಷ್ಟು ಚಲೋ ಮಾತಾಡಿದ ದಿನಾನ ಬಂತದು."

ಒಳಗಿಂದ ಶೈಲವ್ವ, "ಅವ್ವಾ, ಆಕಿನ್ನ ಬಿಡಿಸಿದ್ರ ಹತ್ತು ದಿನ ನೀನ ಓದಬೇಕು, ಲಿಫ್ಟಿನ ಅಧ್ಯಾಯನೂ," ಅಂದ್ಲು.

"ಏನೈತಿ ಲಿಫ್ಟಿನ ಅಧ್ಯಾಯದಾಗ?" ಅಂತ ಬಾಯಾರು ನನ್ನ ನೋಡಿದ್ರು.

ನಾ ಪಾತ್ರಿ ತೊಳಿಯಾಕ ಹೋದೆ. ನಾಳಿ ಜಲ್ದಿ ಬಾ ಅಂದ್ರು ನಾ ಹೋಗೂ ಮುಂದ.

ಆಗಸ್ಟ್ 20, ಮಂಗಳವಾರ

ಇಪ್ಪತ್ತೆರಡು ಹಾಳಿ. ಹನಿ ಆರೂ ಸಲ ಹೊತ್ತಿಗೆ ಸರಿ. ನೆರಳು ಕೇಳಿದೆ, ಇದ್ದಷ್ಟ ಐತಿ ಅಂದ್ಲು.

ಆಗಸ್ಟ್ 22, ಗುರುವಾರ

ವಿಶ್ವಜಿತನ್ನ ಕಾವಲಿನ ಕೆಲಸದಿಂದ ತಗದ್ರು. ಕೆಟ್ಟ ಜಾಗಾದಾಗ ಮುಚ್ಚಿದ್ವಿ. ಸಂಜಿಕ ಬಾಯಾರು ಬಂದು "ಈಗ ಚಲೋ..." ಅಂತ ಸುರು ಮಾಡಿ ನಿಲ್ಲಿಸಿದ್ರು. "ಹೆಂಗೈತಿ?" ಅಂತ ಕೇಳಿ ಸುಮ್ಮನ ನಿಂತ್ರು. ಶೈಲವ್ವ ಕುತ್ತಿಗಿ ನೋವು, ಅಂಗಿ ಕಡೀತೈತಿ, ಅಂಜಿಕಿ ಆಗತೈತಿ ಅಂತ ಒಂದೊಂದ ಹೇಳಿದ್ಲು. ಬಾಯಾರು ಅತ್ರು. ಅತ್ತು, ಅಂಗಿ ಬದಲಿ ಮಾಡಿಸಿದ್ರು.

ಆಗಸ್ಟ್ 28, ಬುಧವಾರ

ಇವತ್ತು ತಲಿ ಎತ್ತೂ ದಿನ. ಬಾಯಾರು, ನಾನು, ಶೈಲವ್ವ ಮೂವರೂ ದವಾಖಾನಿಗೆ ಹೋದ್ವಿ. ನಾ ನೀರು ಕುಡಿದೆ, ಉಪ್ಪಿಟ್ಟು ತಿಂದೆ.

ಡಾಕ್ಟರು ಆಕಿನ್ನ ಕುರ್ಚಿಮ್ಯಾಲೆ ಕುಂದರಿಸಿ, ಮಂದ ಇರೂ ಕಣ್ಣು ಮುಚ್ಚಿ, ಎದುರಿಗೆ ಮೂರು ಬಟ್ಟು ಹಿಡಿದ್ರು. "ಎನ್ನಿ ವೇಳ್ಳು?"

ಶೈಲವ್ವ ಭಾಳ ಹೊತ್ತು ತೊಗೊಂಡ್ಲು. "ಎರಡು."

ಬಾಯಾರ ಬಾಯಿ ತೆರೀತು. ಎಲ್ಲಾ ಚಲೋ ಅನ್ನೂದರೊಳಗಿದ್ರು. ಅನ್ನಲಿಲ್ಲ. ನನ್ನ ಕೈ ಹಿಡಕೊಂಡ್ರು, ಬಳಿ ಒತ್ತಿ ನೋವಾತು.

"ಅಕ್ಕಾ," ಅಂದ್ಲು ಶೈಲವ್ವ, ನಾ ಎಲ್ಲಿ ನಿಂತೀನಿ ಅಂತ ನೋಡದ. "ಎಷ್ಟದಾವ?"

"ಮೂರು. ಎಡಗಡೀದೊಂದು ನಿನಗ ಕಾಣಲಿಲ್ಲ."

ಆಕಿ ಕುತ್ತಿಗಿ ಸ್ವಲ್ಪ ಎಡಕ್ಕ ಹೊಳ್ಳಿಸಿದ್ಲು. "ಹಾಂ. ಕಂಡಿತು."

ಡಾಕ್ಟರು ಮತ್ತ ಮತ್ತ ತೋರಿಸಿದ್ರು, ದೀಪಾ ಬಿಟ್ಟು ನೋಡಿದ್ರು. ಪರದಿ ಹತ್ತೈತಿ ಅಂದ್ರು. ನಡುವಿಂದು ಉಳಿದೈತಿ, ಎಣ್ಣಿ ತಗದು ಚಷ್ಮಾ ಕೊಟ್ಟ ಮ್ಯಾಲೆ ಓದಾಕ ಬರತೈತಿ. ಎಡಮಗ್ಗಲಿಂದು ಹೋತು, ಅದು ಬರೂದಿಲ್ಲ. ಆ ಕಡೆ ನೋಡಬೇಕಂದ್ರ ಕುತ್ತಿಗಿ ಹೊಳ್ಳಿಸೂದು ರೂಢಿ ಮಾಡಿಕೋಬೇಕು. ಶೈಲವ್ವ ತಾನ ಎಲ್ಲಾ ಕೇಳಿದ್ಲು, ಗಾಡಿ ಹೊಡೀಬಹುದೇನು, ಕಂಪ್ಯೂಟರ್ ಎಷ್ಟು ತಾಸು, ಎಣ್ಣಿ ತಗಿಯೂದು ಯಾವಾಗ. ಬಾಯಾರು ನಡುವ ಒಂದು ಮಾತೂ ಆಡಲಿಲ್ಲ.

ಹೊರಗ ಮೆಟ್ಟಲಾ ಅದಾವ, ಹತ್ತೋ ಹನ್ನೆರಡೋ. ನಾ ಆಕಿ ಎಡಮಗ್ಗಲಿಗೆ ಬಂದು ತೋಳು ಹಿಡಿದೆ.

"ಆ ಕಡೆ ಯಾಕ ನಿಂತ್ರಿ? ಆ ಕಡೆ ನನಗ ಕಾಣೂದಿಲ್ಲ," ಅಂದ್ಲು. "ಈ ಕಡೆ ಬರ್ರಿ. ಇಷ್ಟು ದಿನ ಆತು, ನಿಮ್ಮ ಮಾರಿ ಹೆಂಗೈತಿ ನೋಡೂನು."

"ಮೊದಲ ಮೆಟ್ಟಲಾ ಇಳಿ," ಅಂದೆ. "ಆಮ್ಯಾಲ ನೋಡೀಯಂತ."